ಉಪ್ಪಿಗೆ ಟಿಕೀಟಿಲ್ಲ

ಜೂನ್ ಒಂದು ಅಪ್ಪನ ಹುಟ್ಟಿದ ದಿನ ಅಂತ
ಸಾಲಿ ದಾಖಲೆ ಹೇಳತದ.
ಹೆಸರು ಹಚ್ಚುವಾಗ ಮಾಸ್ತರರು ಕೇಳಿದರಂತ, ಯಾವಾಗ ಹುಟ್ಯಾನ?
ಶೇಂಗಾ ಕೀಳೋ ಹೊತ್ತಿಗೆ, ಅಂದಳಂತ ಅಜ್ಜಿ.
ಮಾಸ್ತರರು ಜೂನ್ ಒಂದು ಬರಕೊಂಡರು.
ಮೈಂದರ್ಗಿಯ ಅರ್ಧ ಊರು ಅವತ್ತೇ ಹುಟ್ಟೇದ.

ಈ ಸಲ ಏನರೇ ಕೊಡಬೇಕಂತ
ಸೋಲಾಪುರದ ಭಾಂಡೆ ಅಂಗಡಿ ಎಲ್ಲಾ ತಿರುಗಿದೆ.
ಹಿಡಿಕಿ ಕಾಯದ ತವಾ, ಬಳ್ಳೊಳ್ಳಿ ಹಿಂಡೋ ಚಿಮಟ,
ಎದಿಮ್ಯಾಲೆ ಇಂಗ್ಲಿಷಿನಾಗ ಏನೋ ಬರದ ಏಪ್ರನ್ನು.
ಅದನ್ನ ಹಾಕ್ಕೊಂಡ ಅಪ್ಪನ್ನ ಮನಸಿನಾಗ ಕಂಡು
ಒಬ್ಬಾಕಿನೇ ನಕ್ಕೆ, ಬರಿಗೈಲೆ ಬಂದೆ.
ಬೆಲ್ಲದ ಗಾಣದವಗ
ಸಕ್ಕರಿ ಪೊಟ್ಟಣ ಯಾರು ಒಯ್ಯತಾರ?

ಇಪ್ಪತ್ತೊಂಬತ್ತು ವರ್ಷ ಎಸ್ಟಿ ಕಂಡಕ್ಟರು,
ಅಕ್ಕಲಕೋಟೆ, ಮೈಂದರ್ಗಿ, ದುಧನಿ, ಮತ್ತ ವಾಪಸ್.
ರಜಾ ಇದ್ದ ದಿನ ಒಲಿ ಅವಂದು.
ಸರೀರಿ ಸರೀರಿ, ಮುಂದ ಜಾಗಾ ಅದ ಅಂತ
ಅವ್ವನ್ನ ಕಟ್ಟಿಗೆ ಕಳಿಸಿ
ಪುಂಡಿಪಲ್ಯ, ಕಡಕ್ ರೊಟ್ಟಿ, ಎಣ್ಣಿ ತೇಲೋ ಶೇಂಗಾದ ಆಮಟಿ.
ದಿನವಿಡೀ ಮರಾಠಿಯಾಗ ಚಿಲ್ಲರೆ ಕೇಳಿದ ಬಾಯಿ
ಒಗ್ಗರಣಿ ಮುಂದ ಕನ್ನಡದಾಗ ಬೈತಿತ್ತು:
ಏ ಸಾಸವಿ, ಸಿಡಿಯೋದಿದ್ರ ಸಿಡಿ, ಇಲ್ಲಾಂದ್ರ ಇಳಿ!

ಭಾಂಡೆ ತಿಕ್ಕೋಕಿ ಮಾತ್ರ ಅವ್ವ.
ಗಂಟಿ ಹೊಡದು ಕಂಡಕ್ಟರು ಹೋಗ್ತಾನ,
ಗಾಡಿ ತೊಳಿಯೋರು ಯಾರು? ಅಂತಿದ್ದಳು,
ಅಂತಾಳ.

ಅಟ್ಟದ ಮ್ಯಾಲೆ, ಟ್ರಂಕಿನ ಹಿಂದ
ಅವನ ಹಳೇ ಟಿಕೀಟ ಪೆಟಗಿ.
ಒಂದು ಮೂಲಿ ತಗ್ಗು ಬಿದ್ದದ,
ಕಬ್ಬಿನ ಲಾರಿ ಅಡ್ಡ ಬಂದ ದಿನದ ಗುರ್ತು.
ಮಷೀನು ಬಂದ ಮ್ಯಾಲೆ ಅದರ ಹೆಸರು ಯಾರೂ ತಗದಿಲ್ಲ.
ಹುಣಸಿಹಣ್ಣು ಹಚ್ಚಿ ಮೂರು ಸಂಜಿ ತಿಕ್ಕಿದೆ.
ಅವನ ಖಾಕಿ ಪ್ಯಾಂಟು ಕತ್ತರಿಸಿ
ಬೆರಳುದ್ದದ ಹನ್ನೊಂದು ಚೀಲ ಹೊಲದೆ.
ಆಮ್ಯಾಲೆ ಹುರಿಯೋ ಕೆಲಸ.
ಮೊದಲಿನ ಮಸಾಲಿ ಕರಕಾತು.
ಎರಡನೇದ್ದನ್ನ ನೋಡಿ ಬಾಜೂ ಮನಿ ಶಾಂಭವಿ ಮಾತು ಬದಲಿಸಿದಳು.
ಮೂರನೇದ್ದು ಚೀಲಕ್ಕ ಹೋತು.

ಎರಡು ರೂಪಾಯಿ ಮನ್ಯಾಗ ಜೀರಗಿ,
ಐದರಾಗ ಕೊತ್ತಂಬರಿ ಬೀಜ,
ಹತ್ತರ ಮನಿಗೆ ಕಾಳಾ ಮಸಾಲಿ.
ಗುರೆಳ್ಳು ಹಿಂಡಿ, ಅಗಸಿ ಹಿಂಡಿ
ಜೋಡಿ ಸೀಟಿನ ಅಕ್ಕತಂಗ್ಯಾರಂಗ.
ಲಗೇಜಿನ ಮನಿಗೆ ತೊಟ್ಟು ಮುರೀದ ಇಡೀ ಮೆಣಸಿನಕಾಯಿ,
ಹಾಫ್ ಟಿಕೀಟಿನ ಸಣ್ಣ ಮನ್ಯಾಗ
ಇಂಗು.

ಅಪ್ಪ ಮುಚ್ಚಳ ತಗದ. ಮಾತಿಲ್ಲ.
ತಗ್ಗು ಬಿದ್ದ ಮೂಲಿಮ್ಯಾಲೆ ಒಮ್ಮೆ ಕೈ ಆಡಿಸಿದ.
ಆಮ್ಯಾಲೆ ಮೂಗು ಅರಳಿಸಿ ಅಂದ:
ಇಂಗನ್ನ ಜೀರಗಿ ಬಾಜೂಕ ಯಾರು ಕೂಡಸ್ಯಾರ?
ಜೀರಗಿಗೆ ವಾಂತಿ ಬರತದ.
ಇಂಗನ್ನ ಎಬ್ಬಿಸಿ ಕಡೀ ಸೀಟಿಗೆ ಕಳಿಸಿದ.
ಕಾಳಾ ಮಸಾಲಿ ನಾಲಿಗಿಮ್ಯಾಲೆ ಇಟ್ಟು ಕಣ್ಣು ಮುಚ್ಚಿದ.
ದಗಡಫೂಲ ಎಷ್ಟು ಹಾಕೀದಿ?
ನೀ ಹಾಕಿದಷ್ಟ.
ನಾ ಎಂದೂ ಅಳದಿಲ್ಲಲ್ಲ?
ನಾನೂ ಅಳದಿಲ್ಲ.

ಅವ್ವ ಬಾಗಿಲಾಗ ನಿಂತು ಒಂದೊಂದೇ ಚೀಲ ಎಣಿಸಿದಳು.
ಎಲ್ಲಾ ಖರೇ, ಉಪ್ಪು ಎಲ್ಲದ?
ನನ್ನ ಬಾಯಿ ಒಣಗಿತು.
ಹತ್ತು ದಿನ ಹುರದೀನಿ, ಕುಟ್ಟೀನಿ, ಹೊಲದೀನಿ,
ಉಪ್ಪು ಒಮ್ಮೆನೂ ನೆಪ್ಪಾಗಿಲ್ಲ.
ಅಪ್ಪ ತಲಿ ಎತ್ತದೇ ಅಂದ:
ಉಪ್ಪು ಪಾಸಿನವ. ಅವಗ ಟಿಕೀಟಿಲ್ಲ.

ಸಂಜಿಗೆ ಎಣ್ಣಿ ಕಾದಿತ್ತು.
ಅವನ ಕೈ, ನೋಡದನೇ, ಎರಡು ರೂಪಾಯಿ ಮನಿಗೆ ಹೋತು.
ಹೋಗೂಕಿಂತ ಮೊದಲ
ಹೆಬ್ಬೆರಳು ನಾಲಿಗಿ ಮುಟ್ಟಿ ಬಂತು,
ಟಿಕೀಟು ಹರಿಯೋ ಹಳೇ ರೂಢಿ.
ಅಷ್ಟರಾಗ ನೆಪ್ಪಾಗಿ ಅಲ್ಲೇ ನಿಂತ,
ಬೆರಳು ಗಾಳ್ಯಾಗ, ಎಣ್ಣಿ ಹೊಗಿ ಬಿಡ್ಲಿಕ್ಕತ್ತದ.

ನಾ ನೋಡದಂಗ ಮಾಡಿದೆ.
ಅವ್ವ ನೋಡಿದಳು.
ಕೈ ತೊಳಕೊಂಡು ಬರ್ರಿ, ಅಂದಳು,
ಅಷ್ಟೊತ್ತಿಗೆ ಜೀರಗಿ ನಾ ಹಾಕತೀನಿ.